ಬಾಡಿದ್ದಲ್ಲ, ಬೆಂದದ್ದು

ಅಕ್ಕ ಒಬ್ಬರಿಗೆ ಒಂದು ಮಾತು ಹೇಳು ಅಂದಿದ್ದಳು. ನಾನು ಹೇಳಲಿಲ್ಲ. ಹೇಳಿದೆಯಾ ಅಂತ ಅವಳು ಕೇಳಿದಾಗ ಹೇಳಿದೆ ಅಂದುಬಿಟ್ಟೆ. ನಾನು ಮಾಡಿದ ತಪ್ಪು ಇಷ್ಟೇ. ಬರೆದಾಗ ಸಣ್ಣದಾಗಿ ಕಾಣುತ್ತದೆ. ಅದರಿಂದಾಗಿ ಅಕ್ಕ ಒಂದು ವರ್ಷಕ್ಕೂ ಹೆಚ್ಚು ಕಾಲ ತನ್ನ ಕೈಯನ್ನೇ ನಂಬದೆ ಬದುಕಿದಳು.

ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ನಾನು ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ದಾಟಿತು. ಒಣಗಿಸುವ ಯಂತ್ರ ಮಾಡುವುದು ನಮ್ಮ ಕಸುಬು. ಮೆಣಸಿನಕಾಯಿ, ಕೊಬ್ಬರಿ, ಶುಂಠಿ, ಯಾರು ಏನು ಒಣಗಿಸಬೇಕು ಅಂತ ಬಂದರೂ ತಗಡು ಮಡಿಸಿ, ಫ್ಯಾನು ಕೂರಿಸಿ, ಬಣ್ಣ ಹೊಡೆದು ಕಳಿಸುತ್ತೇವೆ. ಹೆಲ್ಪರ್ ಆಗಿ ಬಂದವನು ಫಿಟ್ಟರ್ ಆದೆ. ಈಗ ಫ್ಲೋರ್ ಇನ್‌ಚಾರ್ಜ್. ಓದಿದ್ದು ಏಳನೇ ಕ್ಲಾಸು. ಡ್ರಾಯಿಂಗ್ ನೋಡಿದರೆ ತಿಳಿಯುತ್ತದೆ, ಅದರ ಪಕ್ಕದಲ್ಲಿ ಬರೆದಿರುವ ಇಂಗ್ಲಿಷ್ ಈಗಲೂ ಅರ್ಧಂಬರ್ಧ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಮ್ಮೂರು ಗುಂಡ್ಲುಪೇಟೆ ಕಡೆ. ಅವಳನ್ನು ಕೊಟ್ಟಿದ್ದು ಕಾಡಿನ ಆಚೆ, ಗೂಡಲೂರಿನ ಹತ್ತಿರದ ಒಂದು ಗುಡ್ಡದ ಊರಿಗೆ. ಅಲ್ಲಿ ಒಬ್ಬೊಬ್ಬರದು ಒಂದು ಎಕರೆ, ಎರಡು ಎಕರೆ ಟೀ ತೋಟ. ಎಲ್ಲರ ಎಲೆಯೂ ಹೋಗುವುದು ಆ ಸುತ್ತಿಗೆ ಇರುವ ಒಂದೇ ಫ್ಯಾಕ್ಟರಿಗೆ. ಮದುವೆಯಾದ ಎರಡನೇ ವರ್ಷಕ್ಕೇ ಅಕ್ಕ ಆ ಫ್ಯಾಕ್ಟರಿಯ ಅಟ್ಟದಲ್ಲಿ ಕೆಲಸಕ್ಕೆ ಸೇರಿದಳು.

ಟೀ ಎಲೆಯನ್ನು ಕಿತ್ತ ಕೂಡಲೇ ಅರೆಯುವುದಕ್ಕೆ ಆಗುವುದಿಲ್ಲ. ಅಟ್ಟದ ಉದ್ದನೆಯ ತೊಟ್ಟಿಗಳಲ್ಲಿ ಹರಡಿ, ಕೆಳಗಿನಿಂದ ಗಾಳಿ ಬಿಟ್ಟು, ಅರ್ಧ ದಿನ ಬಾಡಿಸಬೇಕು. ಕಮ್ಮಿ ಬಾಡಿದರೆ ಅರೆಯುವ ರೋಲರಿನಲ್ಲಿ ಮುದ್ದೆಯಾಗಿ ಟೀ ಸಪ್ಪೆ ಬರುತ್ತದೆ. ಜಾಸ್ತಿ ಬಾಡಿದರೆ ಬರೀ ಹುಡಿ. ಇನ್ನು ಸಾಕು ಅನ್ನುವ ಹೊತ್ತನ್ನು ಆ ಫ್ಯಾಕ್ಟರಿಯಲ್ಲಿ ಅಕ್ಕನ ಕೈ ಹೇಳುತ್ತಿತ್ತು. ಒಂದು ಹಿಡಿ ಎಲೆ ತೆಗೆದುಕೊಂಡು ಬಿಗಿಯಾಗಿ ಹಿಸುಕಿ, ಉಂಡೆ ಮಾಡಿ, ಕೈ ಬಿಚ್ಚುತ್ತಿದ್ದಳು. ಉಂಡೆ ತಟ್ಟನೆ ಚದುರಿದರೆ ಇನ್ನೂ ಗಾಳಿ ಬೇಕು. ನಿದ್ದೆಯಿಂದ ಏಳುವ ಮಗುವಿನ ಹಾಗೆ ನಿಧಾನವಾಗಿ ಬಿಚ್ಚಿಕೊಂಡರೆ ಸಾಕು. "ನಿಲ್ಸ್ರಪ್ಪ" ಅನ್ನುತ್ತಿದ್ದಳು, ಫ್ಯಾನು ನಿಲ್ಲಿಸುತ್ತಿದ್ದರು.

ಬೆಳೆಗಾರರಿಗೂ ಅವಳ ಕೈ ಮೇಲೆ ನಂಬಿಕೆ. ಯಾರಾದರೂ ಚೀಲವನ್ನು ಬಿಸಿಲಲ್ಲಿ ಬಿಟ್ಟಿದ್ದರೆ ಅವಳಿಗೆ ಮುಟ್ಟಿದ ತಕ್ಷಣ ಗೊತ್ತಾಗುತ್ತಿತ್ತು. ಅದನ್ನು ಮ್ಯಾನೇಜರಿಗೆ ಹೇಳದೆ, ಸಂಜೆ ಮನೆಗೆ ಹೋಗುವಾಗ ಆ ಮನೆಯ ಬಾಗಿಲಲ್ಲಿ ನಿಂತು, "ನಾಳಿಂದ ಚೀಲನ ನೆಳ್ಳಲ್ಲಿ ಮಡಗಿ" ಅಂತ ಹೇಳಿ ಹೋಗುತ್ತಿದ್ದಳು. ಚಳಿಗಾಲ ಕಳೆದು ಹೊಸ ಚಿಗುರು ಕೀಳುವ ದಿನ, ಮೊದಲ ಹಿಡಿ ಎಲೆಯನ್ನು ಯಾರೂ ಚೀಲಕ್ಕೆ ಹಾಕುತ್ತಿರಲಿಲ್ಲ. ತಂದು ಅಕ್ಕನ ಕೈಗೆ ಕೊಡುತ್ತಿದ್ದರು. ಅವಳು ಹಿಸುಕಿ, ಮೂಸಿ, ಮಾತನಾಡದೆ ವಾಪಸ್ ಕೊಡುತ್ತಿದ್ದಳು. ಆಮೇಲೆಯೇ ಅದು ಚೀಲಕ್ಕೆ. ಯಾರು ಶುರು ಮಾಡಿದ್ದೋ ಅವಳಿಗೂ ಗೊತ್ತಿಲ್ಲ.

ಆ ಫ್ಯಾಕ್ಟರಿಯವರು ಹಳೆಯ ತೊಟ್ಟಿ ಕಿತ್ತು ಹೊಸದು ಹಾಕಿಸುತ್ತಾರಂತೆ ಅಂತ ಅಕ್ಕನೇ ಫೋನಿನಲ್ಲಿ ಹೇಳಿದಳು. ನಾನು ನಮ್ಮ ಓನರಿಗೆ ಹೇಳಿದೆ, ಅವರು ಹೋಗಿ ಮಾತನಾಡಿ ಆರ್ಡರ್ ತಂದರು. ಹೊಸ ತೊಟ್ಟಿಯ ಅಡಿಯಲ್ಲಿ ಸೆನ್ಸರ್ ಇರುತ್ತದೆ. ಎಲೆಯಲ್ಲಿ ನೀರು ಎಷ್ಟಿದೆ ಅಂತ ಅದು ನೋಡುತ್ತಾ ಇದ್ದು, ಹಾಕಿಕೊಟ್ಟ ನಂಬರಿಗೆ ಇಳಿದ ಕೂಡಲೇ ಫ್ಯಾನು ತಾನಾಗಿ ನಿಲ್ಲುತ್ತದೆ. ಆ ನಂಬರು ಯಾವುದು ಅಂತ ಗೊತ್ತುಮಾಡುವುದೊಂದೇ ಬಾಕಿ.

ನಮ್ಮ ಇಂಜಿನಿಯರ್ ಮೇಡಂ ಸಣ್ಣ ವಯಸ್ಸಿನವರು, ಒಳ್ಳೆಯ ಹುಡುಗಿ. ಅವರು ಮೀಟಿಂಗಿನಲ್ಲಿ ಸರಿಯಾಗಿಯೇ ಹೇಳಿದ್ದರು. "ಸೈಟಲ್ಲೇ ರೀಡಿಂಗ್ ತಗೋಬೇಕು ಸಾರ್. ಹತ್ತು ಹದಿನೈದು ದಿನ ಅಲ್ಲೇ ಇರ್ಬೇಕಾಗತ್ತೆ."

ಓನರ್ ಮುಖ ಕಿವುಚಿದರು. ಶೆಡ್ಡಿನಲ್ಲಿ ಬೇರೆ ಕೆಲಸ ತುಂಬಿತ್ತು. ಆಗ ನಾನು ಬಾಯಿ ಹಾಕಿದೆ. "ಸಾರ್, ಎಲೆನೇ ಇಲ್ಲಿಗೆ ತರಿಸೋಣ. ನಮ್ಮಕ್ಕನ್ನೂ ಕರೆಸ್ತೀನಿ. ಅವ್ಳು ಕೈಯಲ್ಲಿ ನೋಡಿ ಸಾಕು ಅಂದ ತಕ್ಷಣ ಮೇಡಂ ನಂಬರ್ ಬರ್ಕೊಳ್ಲಿ."

"ನೋಡಿ ಮೇಡಂ, ಎಕ್ಸ್‌ಪೀರಿಯೆನ್ಸ್ ಅಂದ್ರೆ ಇದು" ಅಂದರು ಓನರ್. ಮೀಟಿಂಗಿನಲ್ಲಿ ನನ್ನ ಮಾತಿಗೆ ಬೆಲೆ ಬಂದದ್ದು ಅದೇ ಮೊದಲು. ಆ ದಿನ ಮನೆಗೆ ಹೋಗುವಾಗ ಹೆಂಡತಿಗೆ ಮಲ್ಲಿಗೆ ತೆಗೆದುಕೊಂಡು ಹೋಗಿದ್ದೆ.

ಗೂಡಲೂರಿನಿಂದ ಈ ಕಡೆ ಬರುವ ಕಾಡಿನ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಪ್ರಾಣಿಗಳು ಓಡಾಡಲಿ ಅಂತ. ನಮ್ಮ ಕಡೆಯವರಿಗೆಲ್ಲ ಇದು ಬಸ್ ಟೈಮಿನ ಹಾಗೆ ಬಾಯಿಪಾಠ. ಸಂಜೆಯವರೆಗೆ ಕಿತ್ತ ಎಲೆ ತೂಕವಾಗಿ, ಚೀಲವಾಗಿ, ವ್ಯಾನು ಹತ್ತಿ ಗುಡ್ಡ ಇಳಿಯುವ ಹೊತ್ತಿಗೆ ಗೇಟು ಹಾಕಿರುತ್ತಾರೆ. ಚೀಲಗಳು ಒಂದರ ಮೇಲೊಂದು ಒತ್ತಿಕೊಂಡು ಬೆಳಗಿನವರೆಗೆ ಚೆಕ್‌ಪೋಸ್ಟಿನಲ್ಲೇ. ಆಮೇಲೆ ಮೈಸೂರು ದಾಟಿ ಪೀಣ್ಯ ಸೇರುವಾಗ ಮಧ್ಯಾಹ್ನ ಒಂದು ಗಂಟೆ. ಇದೆಲ್ಲ ನನಗೆ ಗೊತ್ತಿತ್ತು. ನಾನು ವ್ಯಾನು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಲೆಕ್ಕ ಹಾಕಿದೆ. ಅಷ್ಟು ಹೊತ್ತು ಚೀಲದೊಳಗಿರುವ ಎಲೆಗೆ ಏನಾಗುತ್ತದೆ ಅಂತ ಯೋಚಿಸಲಿಲ್ಲ.

ಅಕ್ಕ ಬಂದು ಹೆಗ್ಗನಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಹತ್ತು ದಿನ ಇದ್ದಳು. ಬೆಳಿಗ್ಗೆ ನನ್ನ ಜೊತೆ ನಡೆದುಕೊಂಡೇ ಶೆಡ್ಡಿಗೆ ಬರುತ್ತಿದ್ದಳು. ರಸ್ತೆಯ ಅರ್ಧಕ್ಕೆ ನಿಂತ ಲಾರಿಗಳ ನಡುವೆ ನನ್ನ ಶರ್ಟಿನ ತುದಿ ಹಿಡಿದುಕೊಳ್ಳುತ್ತಿದ್ದಳು. ಪೇಂಟಿನ ವಾಸನೆಗೆ ಸೆರಗನ್ನು ಮೂಗಿಗೆ ಒತ್ತಿಕೊಂಡು, ಕಬ್ಬಿಣದ ಪೆಟ್ಟಿಗೆ ಮೇಲೆ ಹತ್ತಿ ನಿಂತು, ಪರೀಕ್ಷೆಗೆ ಅಂತ ಮಾಡಿದ್ದ ತೊಟ್ಟಿಗೆ ಕೈ ಹಾಕುತ್ತಿದ್ದಳು. ಶೆಡ್ಡಿನವರಿಗೆಲ್ಲ ಅದೊಂದು ತಮಾಷೆ.

ರಾಯಚೂರಿನ ಕಡೆಯ ನಮ್ಮ ವೆಲ್ಡರ್ ಒಂದು ದಿನ ತನ್ನ ಕೈ ಚಾಚಿದ. "ಅಕ್ಕಾರ, ನನ್ನ ಕೈನೂ ಒಂದಿಷ್ಟು ನೋಡ್ರಿ. ಈ ವರ್ಷ ಲಗ್ನ ಆಗ್ತೈತೇನು?"

ಅಕ್ಕ ಅವನ ಅಂಗೈಯನ್ನು ಎಲೆಯ ಹಾಗೇ ಹಿಸುಕಿ ಬಿಟ್ಟಳು. "ಇನ್ನೂ ಅಸಿ ಐತೆ ಕಣಪ್ಪ. ಇನ್ನೆರಡ್ ವರ್ಸ ಬಾಡ್ಲಿ."

ಊಟದ ಹೊತ್ತಿನವರೆಗೂ ಅವನನ್ನು ಯಾರೂ ಬಿಡಲಿಲ್ಲ. "ಏ ಹಸಿ ಎಲೆ, ಆ ಸ್ಪ್ಯಾನರ್ ಕೊಡೋ" ಅನ್ನುತ್ತಿದ್ದರು.

ಮೊದಲನೇ ದಿನವೇ ಚೀಲ ಬಿಚ್ಚಿದಾಗ ಅಕ್ಕ ಒಳಗೆ ಇಟ್ಟ ಕೈಯನ್ನು ಸ್ವಲ್ಪ ಹೊತ್ತು ತೆಗೆಯಲಿಲ್ಲ. "ಬಿಸಿ ಐತೆ" ಅಂದಳು. ವ್ಯಾನಿನಲ್ಲಿ ಬಂದದ್ದಲ್ಲವಾ, ಫ್ಯಾನು ಹಾಕಿದರೆ ಆರುತ್ತದೆ ಅಂದೆ. ಮೇಡಂ ಪ್ರತಿ ಸಲ, "ಅಮ್ಮ, ಈಗ ಓಕೆನಾ?" ಅನ್ನುತ್ತಿದ್ದರು. ಉಂಡೆ ನಿಧಾನವಾಗಿ ಬಿಚ್ಚಿಕೊಂಡಾಗ ಅಕ್ಕ ತಲೆಯಾಡಿಸುತ್ತಿದ್ದಳು. ಮೇಡಂ ನಂಬರು ಬರೆದುಕೊಳ್ಳುತ್ತಿದ್ದರು. ದಿನ ಕಳೆದಂತೆ ಅಕ್ಕ ತಲೆಯಾಡಿಸುವುದು ಕಡಿಮೆಯಾಗುತ್ತಾ ಬಂತು. ಅದು ನನ್ನ ಕಣ್ಣಿಗೆ ಬಿದ್ದಿತ್ತು.

ಆರನೇ ದಿನ ಸಂಜೆ ಅವಳು ನಮ್ಮ ಅಡುಗೆಮನೆಯಲ್ಲಿ ಕೂತು ದಂಟಿನ ಸೊಪ್ಪು ಸೋಸುತ್ತಿದ್ದಳು. ನನ್ನನ್ನು ಕರೆದು, ಹಿಂದಿನ ದಿನದ ಬಾಡಿದ ಸೊಪ್ಪನ್ನು ಒಂದು ಕೈಯಲ್ಲಿಟ್ಟಳು. ಒಲೆ ಮೇಲಿನ ಪಾತ್ರೆಯಿಂದ ಆಗಷ್ಟೇ ಬೆಂದಿದ್ದನ್ನು ಸೌಟಿನಲ್ಲಿ ತೆಗೆದು, ಊದಿ ಆರಿಸಿ, ಇನ್ನೊಂದು ಕೈಯಲ್ಲಿಟ್ಟಳು.

"ಯಾವ್ದು ಮೆತ್ಗೈತೆ ಏಳು."

"ಎರಡೂ ಮೆತ್ತಗಿದೆ."

"ಇಂಡು."

ಹಿಂಡಿದೆ. ಬೆಂದ ಸೊಪ್ಪಿನಿಂದ ನೀರು ಮೊಣಕೈವರೆಗೂ ಇಳಿಯಿತು.

"ಅಲ್ಲಿಂದ ಬರೋ ಎಲೆ ಬಾಡಿಲ್ಲ ಕನ್ಲಾ, ಬೆಂದೈತೆ" ಅಂದಳು. "ರಾತ್ರಿಯೆಲ್ಲ ಚೀಲದಾಗೆ ಕುಂತು ಬೆಂದೋಗೈತೆ. ಮುಟ್ಟಿದ್ರೆ ಮೆತ್ಗೆ ಅನ್ಸುತ್ತೆ, ನೀರು ಒಳ್ಗೇ ಐತೆ. ಈ ನಂಬರ್ ತಕಂಡೋಗಿ ಅಲ್ಲಿ ಆಕುದ್ರೆ, ನಮ್ಮೂರ್ ಎಲೆ ಇನ್ನೂ ಎದ್ದು ಕುಂತಿರುವಾಗ್ಲೇ ಫ್ಯಾನ್ ನಿಂತೋಯ್ತದೆ. ಆ ಮೇಡಮ್ಮಂಗೆ ಏಳು. ಇಲ್ಲಿ ಬ್ಯಾಡ, ನಮ್ ಅಟ್ಟದಾಗೇ ಬಂದು ನಂಬರ್ ತಕಳ್ಲಿ ಅಂತ ಏಳು."

"ನೀನೇ ಹೇಳಕ್ಕ. ಅವ್ರು ಕೇಳ್ತಾರೆ."

"ಆ ಎಣ್ಮಗ ಎರಡ್ ಮಾತ್ಗೊಂದು ಇಂಗ್ಲೀಸ್ ಆಡ್ತದೆ. ನಾನೇನ್ ಏಳ್ಲಿ. ನೀನು ಇಲ್ಲೇ ಇರೋನು, ನಿನ್ ಮಾತು ನಡೀತದೆ."

"ಆಯ್ತು, ಹೇಳ್ತೀನಿ" ಅಂದೆ.

ಮಾರನೇ ದಿನ ಹೇಳಬೇಕು ಅಂತಲೇ ಹೋದೆ. ಮೇಡಂ ಟೇಬಲ್ಲಿನ ಹತ್ತಿರ ಎರಡು ಸಲ ಹೋಗಿ ಬಂದೆ. ಹೇಳಿದರೆ ಓನರ್ ಕೇಳುವ ಮೊದಲನೇ ಪ್ರಶ್ನೆ ಯಾವುದು ಅಂತ ಗೊತ್ತಿತ್ತು. ಎಲೆ ಇಲ್ಲಿಗೆ ತರಿಸೋಣ ಅಂದವನು ಯಾರು? ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಸಲ ನನ್ನ ಬುದ್ಧಿಗೆ ಸಿಕ್ಕ ಹೆಸರು ಅದು. ಏಳನೇ ಕ್ಲಾಸಿನವನ ಮಾತು ಕೇಳಿದ್ದಕ್ಕೆ ಹೀಗಾಯಿತು ಅಂತ ಅನ್ನಿಸಿಕೊಳ್ಳುವುದು ನನ್ನಿಂದ ಆಗಲಿಲ್ಲ. ಸ್ವಲ್ಪ ಹೆಚ್ಚುಕಡಿಮೆ ಆದರೆ ಅಲ್ಲಿ ಹೋದ ಮೇಲೆ ಸರಿ ಮಾಡಿದರಾಯಿತು ಅಂತ ನನಗೆ ನಾನೇ ಹೇಳಿಕೊಂಡೆ. ಅದರ ಮಾರನೇ ದಿನವೂ ಹೀಗೇ ಹೋಯಿತು.

ಕೊನೆಯ ದಿನ ಓನರ್ ಮೈಸೂರ್ ಪಾಕ್ ತಂದಿದ್ದರು. ಮೇಡಂ ನಂಬರುಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ, ಎಲೆ ಪರೀಕ್ಷೆ ಮಾಡಿದವರ ಸಹಿ ಅಂತ ಕೆಳಗೆ ಜಾಗ ಬಿಟ್ಟು, ಅಕ್ಕನ ಮುಂದೆ ಇಟ್ಟರು. ಅಕ್ಕ ಪೆನ್ನು ತೆಗೆದುಕೊಂಡಳು, ಆದರೆ ಬರೆಯಲಿಲ್ಲ. ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದಳು.

"ಏಳ್ದಾ?"

"ಹೇಳ್ದೆ."

"ಏನಂದ್ರು?"

"ಅದನ್ನೂ ಸೇರ್ಸಿ ಸರಿ ಮಾಡ್ಕೋತಾರಂತೆ. ಅದಕ್ಕೆ ಕಂಪ್ಯೂಟರಲ್ಲಿ ಲೆಕ್ಕ ಇದೆಯಂತೆ."

ಒಂದು ಸುಳ್ಳಿಗೆ ಎರಡನೆಯದು ತಾನಾಗಿ ಬಂತು. ಅಕ್ಕ ನೆಮ್ಮದಿಯಾಗಿ ಸಹಿ ಹಾಕಿದಳು. ರಂಗೋಲಿಯ ಚುಕ್ಕಿ ಇಟ್ಟ ಹಾಗೆ, ಒಂದೊಂದೇ ಅಕ್ಷರ. ಸಂಜೆ ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿಸುವಾಗ ಉಳಿದ ಮೈಸೂರ್ ಪಾಕನ್ನು ಪೇಪರಿನಲ್ಲಿ ಕಟ್ಟಿ ಕೊಟ್ಟೆ.

ತೊಟ್ಟಿಗಳು ಗುಡ್ಡ ಹತ್ತಿದವು. ಕೂರಿಸಲು ನಾನು ಹೋಗಬೇಕಿತ್ತು. ಸೊಂಟ ನೋವು ಅಂತ ಬೇರೆ ಫಿಟ್ಟರನ್ನು ಕಳಿಸಿದೆ. ಹೋಗಿದ್ದರೆ ಅಲ್ಲೇ ನಂಬರು ಬದಲಾಯಿಸಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕನ ಮುಖ ನೋಡಬೇಕಾಗುತ್ತದಲ್ಲ ಅನ್ನುವ ಒಂದೇ ಕಾರಣಕ್ಕೆ ಆ ಅವಕಾಶವನ್ನೂ ಕಳೆದುಕೊಂಡೆ.

ಅವಳು ಹೇಳಿದ ಹಾಗೇ ಆಯಿತು. ಫ್ಯಾನುಗಳು ಬೇಗ ನಿಂತವು. ಅರ್ಧ ಬಾಡಿದ ಎಲೆ ರೋಲರಿಗೆ ಹೋಗಿ ಟೀ ಸಪ್ಪೆ ಬಂತು. ಹೊಸ ಯಂತ್ರ ತಪ್ಪು ಮಾಡುತ್ತದೆ ಅಂತ ಫ್ಯಾಕ್ಟರಿಯವರಿಗೆ ಹೊಳೆಯಲಿಲ್ಲ. ನೀರು ಹಿಡಿದ ಎಲೆ ತರುತ್ತಿದ್ದೀರಿ ಅಂತ ಬೆಳೆಗಾರರ ಚೀಲಗಳನ್ನು ಗೇಟಿನಲ್ಲೇ ಕೆಳಗಿನ ದರ್ಜೆಗೆ ಇಳಿಸಿದರು, ಕೆಲವನ್ನು ವಾಪಸ್ ಕಳಿಸಿದರು. ಜನ ಜಗಳಕ್ಕೆ ನಿಂತಾಗ ಮ್ಯಾನೇಜರು ಆ ಹಾಳೆ ತೋರಿಸಿದರಂತೆ. ನಂಬರ್ ಕೊಟ್ಟದ್ದು ನಿಮ್ಮೂರಿನವರೇ, ಸಹಿ ನೋಡಿ.

ಅಕ್ಕ ಇದನ್ನೆಲ್ಲ ಒಂದೇ ಸಲ ಹೇಳಲಿಲ್ಲ. ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು, ಮಕ್ಕಳ ಓದು, ನನ್ನ ಸೊಂಟ ನೋವು ಎಲ್ಲ ವಿಚಾರಿಸಿ, ಕೊನೆಯಲ್ಲಿ ಒಂದು ಮಾತು ಸೇರಿಸುತ್ತಿದ್ದಳು. ಒಂದು ವಾರ, "ಅಟ್ಟದಾಗೆ ನನ್ ಕೆಲಸ ಇಲ್ಲ ಈಗ, ಕೆಳಗೆ ಪ್ಯಾಕಿಂಗ್‌ಗೆ ಆಕವ್ರೆ" ಅಂದಳು. ಇನ್ನೊಂದು ವಾರ, "ದಾರೀಲಿ ಸಿಕ್ಕುದ್ರೆ ಯಾರೂ ಮಾತಾಡ್ಸಲ್ಲ" ಅಂದಳು. ಚಳಿಗಾಲ ಕಳೆದ ಮೇಲೆ ಒಂದು ದಿನ ಅಂದಳು, "ಒಸ ಎಲೆ ಬಂತು ಕನ್ಲಾ. ಈ ಸಲ ಯಾರೂ ಕೈಗೆ ಕೊಡ್ಲಿಲ್ಲ."

ನಾನು ಗ್ರೈಂಡರ್ ಪಕ್ಕದಲ್ಲಿ ನಿಂತಿದ್ದೆ. ಸರಿಯಾಗಿ ಕೇಳಿಸುತ್ತಿಲ್ಲ ಅನ್ನಬಹುದಿತ್ತು. ಎಲ್ಲ ಕೇಳಿಸುತ್ತಿತ್ತು.

"ಅವ್ರುನ್ನ ಅಂದು ಏನ್ ಬಂತು" ಅಂತ ಅವಳೇ ಮುಂದುವರಿಸಿದಳು. "ನೀನು ಏಳಿದ್ದೆ, ಆ ಮೇಡಮ್ಮನೂ ಸರಿ ಮಾಡ್ಕಂಡ್ರು. ಆದ್ರೂ ಇಂಗಾಯ್ತು ಅಂದ್ರೆ ನನ್ ಕೈನೇ ಕೆಟ್ಟೋಗೈತೆ. ವಯಸ್ಸಾಯ್ತು."

"ಸರಿ ಹೋಗುತ್ತೆ ಬಿಡಕ್ಕ" ಅಂದೆ. ಆ ಮಾತನ್ನು ಎಷ್ಟು ಸಲ ಹೇಳಿದ್ದೇನೋ.

ಜನರ ಮಾತನ್ನು ಅವಳು ತಡೆದುಕೊಳ್ಳುತ್ತಿದ್ದಳು. ಆದರೆ ನನ್ನ ಸುಳ್ಳನ್ನು ನಂಬಿ ಕೂತದ್ದರಿಂದ ಅವಳಿಗೆ ದೂರಲು ತನ್ನ ಕೈ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಮೂರು ತಿಂಗಳಿಗೊಮ್ಮೆ ಬಟ್ಟೆ ಚೀಲದಲ್ಲಿ ಟೀ ಪುಡಿ ಕಳಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ನನ್ನ ಹೆಂಡತಿ ಒಂದು ಗುಟುಕು ಕುಡಿದು, "ಇದು ಅಕ್ಕ ಕಳ್ಸಿದ್ದೇನಾ?" ಅಂತ ಲೋಟ ಕೆಳಗಿಟ್ಟಳು. ನಾನು ನನ್ನದನ್ನೂ ಅವಳದನ್ನೂ ಕುಡಿದೆ. ಹೆಂಡತಿಗೂ ಹೇಳಿರಲಿಲ್ಲ. ಕೆಲಸಕ್ಕೆ ಹೋಗುವುದು, ಬರುವುದು, ಬೆನ್ನ ಮೇಲೆ ಏನೋ ಹೊತ್ತವನ ಹಾಗೆ ಆ ವರ್ಷ ಕಳೆಯಿತು. ಸೊಂಟ ನೋವು ಮೊದಲು ಸುಳ್ಳಾಗಿತ್ತು, ಆಮೇಲೆ ನಿಜವಾಗಿಯೇ ಬಂತು.

ಕೊನೆಗೆ ಫ್ಯಾಕ್ಟರಿಯವರಿಗೇ ಅನುಮಾನ ಬಂದು ಓನರಿಗೆ ಫೋನು ಮಾಡಿದರು. ನಂಬರು ಹಾಕಿರುವ ಪ್ಯಾನಲ್ ಬಾಕ್ಸ್ ಬಿಚ್ಚಿಕೊಂಡು ಬರುತ್ತೇವೆ, ನಂಬರು ಮತ್ತೆ ನೋಡಿ ಅಂದರು. ನಮ್ಮ ಶೆಡ್ಡಿನಲ್ಲಿ ಪರೀಕ್ಷೆಗೆ ಮಾಡಿದ್ದ ತೊಟ್ಟಿ ಇನ್ನೂ ಇತ್ತು. ಒಂದು ಬುಧವಾರ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ವ್ಯಾನು ಬಂತು. ಮ್ಯಾನೇಜರು ಇಳಿದರು. ಹಿಂದೆ ಇಬ್ಬರು ಬೆಳೆಗಾರರು, ಒಬ್ಬರು ತುಂಬಾ ವಯಸ್ಸಾದವರು, ಇನ್ನೊಬ್ಬ ನನ್ನ ವಯಸ್ಸಿನವನು. ಎಲ್ಲರಿಗಿಂತ ಕೊನೆಗೆ ಅಕ್ಕ. ಬಹಳ ಇಳಿದುಹೋಗಿದ್ದಳು. ನನ್ನನ್ನು ನೋಡಿ, "ಸೊಂಟ ಎಂಗೈತೆ?" ಅಂದಳು.

ವ್ಯಾನಿನಿಂದ ಒಂದು ಚೀಲ ಎಲೆಯನ್ನೂ ಇಳಿಸಿದರು. ಹಿಂದಿನ ಸಂಜೆ ಕಿತ್ತದ್ದು, ಬೆಳಿಗ್ಗೆ ಆರಕ್ಕೆ ಗೇಟು ದಾಟಿದ್ದು. ಅದೇ ತಪ್ಪು ಅದೇ ದಾರಿಯಲ್ಲಿ ಇನ್ನೊಂದು ಸಲ ಬಂದಿತ್ತು.

ಮೇಡಂ ಅಕ್ಕನಿಗೆ ಕುರ್ಚಿ ತಂದು ಹಾಕಿದರು. "ಅಮ್ಮ, ಈ ಎಲೆಯನ್ನ ತೊಟ್ಟಿಗೆ ಹಾಕ್ತೀವಿ. ಹೋದ್ಸಲದ ಥರಾನೇ ನೀವು ಕೈಯಲ್ಲಿ ನೋಡಿ ಹೇಳಿ."

"ಬ್ಯಾಡ ಕಣಮ್ಮ" ಅಂದಳು ಅಕ್ಕ. ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಿದ್ದಳು. "ಬೇರೆ ಯಾರನ್ನಾರ ಕೇಳಿ. ನನ್ ಕೈ ಈಗ ಸುಳ್ ಏಳ್ತದೆ."

ವಯಸ್ಸಾದವರು ಪಕ್ಕಕ್ಕೆ ತಿರುಗಿ, "ಬೆಂಗ್ಳೂರ್ ಮೈಸೂರ್‌ಪಾಕ್ ತಿಂದ್ಮ್ಯಾಲೆ ಕೈಗೆ ಜಿಡ್ಡು ಅತ್ಕೊಂಡದೆ" ಅಂದರು. ಇನ್ನೊಬ್ಬ ನಕ್ಕ. ಅಕ್ಕ ಸೆರಗನ್ನು ಇನ್ನಷ್ಟು ಎಳೆದುಕೊಂಡಳು. ಆ ಮೈಸೂರ್ ಪಾಕ್ ಕಟ್ಟಿ ಕೊಟ್ಟವನು ನಾನು. ಅವಳು ಅದನ್ನು ಆ ಮನೆಗಳಿಗೇ ಹಂಚಿದ್ದಿರಬೇಕು.

ನಾನು ಹೋಗಿ ಚೀಲದ ಬಾಯಿ ಬಿಚ್ಚಿದೆ. ಕೈಯನ್ನು ಮೊಣಕೈವರೆಗೂ ಒಳಗೆ ತೂರಿಸಿದೆ. ಅನ್ನ ಬಸಿದಿಟ್ಟ ಪಾತ್ರೆಯ ಹಾಗೆ ಬಿಸಿ. ಒಂದು ಹಿಡಿ ತೆಗೆದು ಹಿಸುಕಿ ಕೈ ಬಿಚ್ಚಿದೆ. ತೊಟ್ಟಿಯನ್ನೇ ಕಾಣದ ಎಲೆ, ಉಂಡೆಯಾಗಿ ಕೂತು, ನಿಧಾನವಾಗಿ ಬಿಚ್ಚಿಕೊಂಡಿತು.

"ಮೇಡಂ, ಇದ್ರೊಳಗೆ ಕೈ ಹಾಕಿ ನೋಡಿ."

ಮೇಡಂ ಕೈ ಹಾಕಿ ತಕ್ಷಣ ತೆಗೆದರು. "ಇಷ್ಟು ಬಿಸಿ ಇದೆ?"

"ಹೋದ್ಸಲಾನೂ ಹಿಂಗೇ ಇತ್ತು" ಅಂದೆ. "ಹತ್ತು ದಿನಾನೂ. ಇದು ಬಾಡಿರೋದಲ್ಲ, ಬೆಂದಿರೋದು. ಇದ್ರಲ್ಲಿ ತಗೊಂಡ ನಂಬರ್ ಅಲ್ಲಿ ನಡೆಯಲ್ಲ, ಅಲ್ಲೇ ಬಂದು ತಗೊಳ್ಲಿ ಅಂತ ಅಕ್ಕ ಆರನೇ ದಿನಾನೇ ಹೇಳಿದ್ಲು. ನಿಮ್ಗೆ ಹೇಳು ಅಂತ ನಂಗೆ ಹೇಳಿದ್ಲು. ನಾನು ಹೇಳ್ಲಿಲ್ಲ."

ಓನರ್ ಬಾಗಿಲ ಹತ್ತಿರ ನಿಂತಿದ್ದರು. "ಯಾಕಯ್ಯಾ?" ಅಂದರು.

"ಇಲ್ಲಿಗೆ ತರಿಸೋಣ ಅಂದಿದ್ದು ನಾನು ಸಾರ್. ನನ್ನ ಹೆಸ್ರು ಹೋಗುತ್ತೆ ಅಂತ."

ವೆಲ್ಡರ್ ಮಷೀನು ಆಫ್ ಮಾಡಿದ್ದ. ವಯಸ್ಸಾದವರು ನನ್ನನ್ನು ನೋಡಿದರು, ಆಮೇಲೆ ಅಕ್ಕನನ್ನು ನೋಡಿದರು, ತಲೆ ತಗ್ಗಿಸಿ ತಮ್ಮ ಟವಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಅಕ್ಕ ಮಾತ್ರ ನನ್ನನ್ನೇ ನೋಡುತ್ತಿದ್ದಳು. "ಏಳ್ದೆ ಅಂದ್ಯಲ್ಲ" ಅಂದಳು. ಅವಳ ದನಿಯಲ್ಲಿ ಕೋಪ ಇರಲಿಲ್ಲ. ಕೋಪ ಮಾಡಿಕೊಳ್ಳುವಷ್ಟು ಶಕ್ತಿಯೂ ಅವಳಲ್ಲಿ ಉಳಿದ ಹಾಗೆ ಕಾಣಲಿಲ್ಲ. ನನ್ನಲ್ಲೂ ಇನ್ನೊಂದು ಸುಳ್ಳಿಗೆ ಬೇಕಾದಷ್ಟು ಶಕ್ತಿ ಇರಲಿಲ್ಲ.

ಅವಳ ಕುರ್ಚಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೆ. ಸೊಂಟ ಹಿಡಿದುಕೊಂಡಿತು. ಅವಳ ಬಲಗೈಯನ್ನು ಸೆರಗಿನಿಂದ ಈಚೆಗೆ ತೆಗೆದೆ. ಬೆರಳಿನ ಸಂದಿಯ ಎಲೆಯ ಕಪ್ಪು ಮಾಸಿಹೋಗಿತ್ತು. ಎಲ್ಲರಿಗೂ ಕೇಳಿಸುವ ಹಾಗೆ ಅಂದೆ:

"ನಿನ್ ಕೈ ಯಾವತ್ತೂ ಸುಳ್ ಹೇಳಿಲ್ಲ ಕಣಕ್ಕ. ಹೇಳಿದ್ದು ನಾನು. ನಿಂಗೆ ಸುಳ್ ಹೇಳಿ ಸೈನ್ ಹಾಕಿಸ್ದೆ. ನೀನು ಒಂದ್ ವರ್ಷ ಅನ್ನಿಸ್ಕೊಂಡಿದ್ದೆಲ್ಲ ನಾನ್ ಅನ್ನಿಸ್ಕೋಬೇಕಾಗಿದ್ದು. ತಪ್ಪಾಯ್ತು ಅಕ್ಕ."